ಒಳ್ಳೆಯ ಮನಸ್ಸಿದ್ದರೆ ಸಾಕೇ?

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ನಾನೊಬ್ಬ ಕಳ್ಳ. ತಮ್ಮ ಆಸ್ಪತ್ರೆಯ ಕಸದ ಡಬ್ಬಿಯಿಂದ ‘ಸಮಾಜ ಕಾರ್ಯಕರ್ತೆ’ ಎಂಬ ಫಲಕವನ್ನು ಕದ್ದು, ಅಂಗಿಯೊಳಗೆ ಅಡಗಿಸಿಕೊಂಡು ಮನೆಗೆ ತಂದಿದ್ದೇನೆ. ಶಿಕ್ಷೆಗೆ ಸಿದ್ಧ. ಆದರೆ ಫಲಕ ಕದ್ದವನಿಗಿರುವ ಕಾನೂನು ಹುದ್ದೆಯನ್ನೇ ನುಂಗಿದವರಿಗೂ ಇದೆಯೇ?

‘ರೋಗಿಗಳ ಕಷ್ಟಸುಖ ವಿಚಾರಿಸಲು ಒಳ್ಳೆಯ ಮನಸ್ಸಿದ್ದರೆ ಸಾಕು, ಕಲಿತವರೇ ಬೇಕಿಲ್ಲ’ ಎಂದು ಅಪ್ಪಣೆ ಹೊರಡಿಸಿ ಸ್ವಯಂಸೇವಕರನ್ನು ಕರೆತಂದಿರಿ. ಅವರು ಹಣ್ಣು ಹಂಚುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಕಾರ್ಯಕರ್ತೆಯನ್ನು ಕೆಲಸ ಬಿಡಿಸಿ ಕಳುಹಿಸಿ ಕಾರ್ಯಕ್ರಮವನ್ನು ಉಳಿಸಿಕೊಂಡಿರಿ! ಮನಸ್ಸೊಂದೇ ಸಾಕೆಂದಾದರೆ ಶಸ್ತ್ರಚಿಕಿತ್ಸೆಯನ್ನೂ ಅವರಿಗೇ ವಹಿಸಬಾರದೇಕೆ? ಹಣ್ಣು ಹೆಚ್ಚುವ ಚಾಕು ಹೇಗೂ ಕೈಯಲ್ಲಿದೆ.

ಸಮಾಜ ಕಾರ್ಯವೆಂಬ ಈ ವೃತ್ತಿ ಹುಟ್ಟಿದ್ದೇ ಒಳ್ಳೆಯ ಮನಸ್ಸಿನವರು ಸೋತ ಜಾಗದಲ್ಲಿ. ಒಂದು ಕಾಲಕ್ಕೆ ಉಳ್ಳವರು ಬಾಗಿಲಲ್ಲಿ ನಿಂತು ಭಿಕ್ಷೆ ಹಾಕುತ್ತಿದ್ದರು; ಯಾರು ಯೋಗ್ಯ ಬಡವ, ಯಾರು ಅಯೋಗ್ಯ ಎಂದೂ ಅವರೇ ತೀರ್ಮಾನಿಸುತ್ತಿದ್ದರು. ಹಸಿದವನು ಮರುದಿನವೂ ಹಸಿದೇ ಬರುತ್ತಿದ್ದ. ಏಕೆಂದು ಕೇಳಲು ಕೆಲವರು ಅವನ ಮನೆಯವರೆಗೂ ನಡೆದರು. ಕೇಳುವುದನ್ನೇ ವಿದ್ಯೆಯಾಗಿ ಕಲಿತರು, ಕಲಿಸಿದರು. ಬಡವನ ಬದುಕಿಗೆ ಬಡವನೇ ಯಜಮಾನ ಎಂಬುದನ್ನು ತಮ್ಮ ಧರ್ಮವಾಗಿಸಿಕೊಂಡರು. ಅವರು ತಲೆಮಾರುಗಟ್ಟಲೆ ನಡೆದ ದಾರಿಯನ್ನು ತಾವು ಒಂದೇ ಸಹಿಯಲ್ಲಿ ಹಿಂದಕ್ಕೆ ಓಡಿದ್ದೀರಿ. ಹಿಮ್ಮುಖ ಓಟಕ್ಕೆ ಪದಕವಿದ್ದರೆ ಅದು ತಮಗೇ ಸಲ್ಲಬೇಕು.

ನನ್ನ ಚಿಕ್ಕಮ್ಮ ಬಟ್ಟೆ ಹೊಲಿಯುವವರು. ತಮ್ಮ ಆಸ್ಪತ್ರೆಯಲ್ಲಿ ಅವರ ಕಾಲು ತೆಗೆದಾಗ ನಾವೆಲ್ಲ ಮಂಚದ ಸುತ್ತ ನಿಂತು, ವೃದ್ಧಾಶ್ರಮವೇ ಸರಿಯೆಂದು ಮುಗಿಸಿದ್ದೆವು. ಆ ಕಾರ್ಯಕರ್ತೆ ನಮ್ಮನ್ನು ಹೊರಗೆ ಕಳಿಸಿ, ಸ್ಟೂಲು ಎಳೆದುಕೊಂಡು ಕೂತರು. ನಾನು ಪರದೆಯಾಚೆ ಕಿವಿಯಿಟ್ಟು ನಿಂತೆ.

“ನಿಮಗೇನು ಬೇಕಮ್ಮಾ?”

“ಅಯ್ಯೋ, ನನ್ನೂ ಕೇಳ್ತಾರಾ! ನನ್ನ ಮಿಷನ್ ಬೇಕು ತಾಯಿ. ಕಾಲು ಹೋದ್ರೆ ಹೋಯ್ತು, ಕೈಯಲ್ಲಿ ತಿರುಗಿಸೋದು ಬರುತ್ತೆ.”

ಇಂದು ಚಿಕ್ಕಮ್ಮ ತಮ್ಮ ಅಂಗಡಿಯಲ್ಲೇ ಕೂತು ಬಟ್ಟೆಯನ್ನೂ ನನ್ನ ಮಾತನ್ನೂ ಕತ್ತರಿಸುತ್ತಿದ್ದಾರೆ.

ಅದೇ ಮಂಚದಲ್ಲಿ ಈಗ ಸೊಂಟ ಮುರಿದ ಗಾರೆ ಕೆಲಸದವರೊಬ್ಬರಿದ್ದಾರೆ. ಅವರನ್ನು ಶುಕ್ರವಾರ ವೃದ್ಧಾಶ್ರಮಕ್ಕೆ ಸಾಗಿಸಲು ತಮ್ಮ ಸ್ವಯಂಸೇವಕರು ನಿಶ್ಚಯಿಸಿದ್ದಾರಂತೆ. ಒಮ್ಮೆ ಹೋದವರು ಅಲ್ಲಿಂದ ಮರಳಿದ್ದನ್ನು ಕಂಡವರಿಲ್ಲ. ಅವರನ್ನು ಯಾರಾದರೂ ಒಂದು ಮಾತು ಕೇಳಿದರೇ? ಪರದೆಯಾಚೆ ನಿಂತೇ ಆ ಪಾಠ ಕಲಿತವನು ನಾನು. ಅಂದಿನಿಂದ ಯಾರನ್ನೂ ಕೇಳದೆ ಯಾರ ಬದುಕನ್ನೂ ತೀರ್ಮಾನಿಸಿದವನಲ್ಲ. ಕುರ್ಚಿಯಲ್ಲಿ ಕೂತ ತಮಗೆ ಅಷ್ಟೂ ಬರಲಿಲ್ಲವೇ?

ಆದ್ದರಿಂದ ಶುಕ್ರವಾರದೊಳಗೆ ಆ ಹುದ್ದೆಗೆ ಕಲಿತವರನ್ನು ಮರಳಿ ತನ್ನಿ. ಗಾರೆಯವರನ್ನು ಅವರ ಮಗಳ ಮನೆಗೆ ಕಳುಹಿಸಿ.

ಇಷ್ಟನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. ಮಿಷನ್ ನಿಲ್ಲಿಸಿ ಕೇಳಿದರು: “ಮಗಳ ಮನೆಗೆ ಹೋಗ್ತೀನಿ ಅಂತ ಅವರೇ ಅಂದ್ರೇನೋ?”

ಕೇಳಿಲ್ಲ, ಮಾನ್ಯರೇ. ಮಗಳಿದ್ದಾಳೆಂದು ಹೇಳಿದ್ದೂ ಪಕ್ಕದ ಮಂಚದವರು. ನಾನು ಎರಡು ಕಿತ್ತಳೆ ಕೊಟ್ಟು ಬಂದಿದ್ದೆ, ಅಷ್ಟೇ. ಎರಡನೆಯ ಬೇಡಿಕೆಯನ್ನು ಹೊಡೆದುಹಾಕಿ ಓದಿಕೊಳ್ಳಿ. ಮೊದಲನೆಯದು ಹಾಗೇ ಇರಲಿ, ನನ್ನಂಥವರಿಂದ ಆ ಮನುಷ್ಯನನ್ನು ಕಾಪಾಡುವುದಕ್ಕಾದರೂ.

ಇಂತಿ, ತಲೆ ತಗ್ಗಿಸಿ,
ಕೇಳದೆ ಉಪಕಾರಕ್ಕೆ ಹೊರಟವನೊಬ್ಬ