ಮೂರನೇ ಮಹಡಿಯ ಮೇಜುಗಳು

ಜೂನ್ ೩, ಸೋಮವಾರ. ಬೆಳಿಗ್ಗೆ ೯.೩೦

ಮೇಜಿನ ಮೇಲೆ ನಲವತ್ತೊಂದು ಪುಸ್ತಕ. ಶನಿವಾರ ಮಕ್ಕಳು ಓದಿ ಬಿಟ್ಟುಹೋದವು. ಅರ್ಧ ಗಂಟೆಯಲ್ಲಿ ಎಲ್ಲ ಕಪಾಟಿಗೆ. ನಂಬರ್ ನೋಡೋದೂ ಬೇಡ, ಕೈಗೇ ಗೊತ್ತು. ಹತ್ತೊಂಬತ್ತು ವರ್ಷದಿಂದ ಇದೇ ಕಾಲೇಜು ಲೈಬ್ರರಿ, ಇದೇ ಮೂರನೇ ಮಹಡಿ. ಬಾಗಿಲು ತೆಗೆಯೋ ಹೊತ್ತಿಗೆ ಮೇಜು ಖಾಲಿ ಇರಬೇಕು. ಇಲ್ಲದಿದ್ರೆ ಸಮಾಧಾನವಿಲ್ಲ ನನಗೆ.

ಮಧ್ಯಾಹ್ನ ೩

ಹೊಸ ಲೈಬ್ರರಿಯನ್ ಕರೆದ್ರು. ಮಾತೆತ್ತಿದ್ರೆ ಗ್ರಾಫ್. ಅದಕ್ಕೇ ಗ್ರಾಫ್ ಸಾಹೇಬ್ರು ಅಂತ ಹೆಸರಿಟ್ಟಿದ್ದೀನಿ.

"ಮೇಡಂ, ನಿಮ್ಮ ಮಹಡೀಲಿ ಆರುನೂರ ಹನ್ನೆರಡು ಪುಸ್ತಕ ಐದು ವರ್ಷದಿಂದ ಯಾರೂ ಮುಟ್ಟಿಲ್ಲ. ಸೊನ್ನೆ! ತೆಗೆದುಬಿಡೋಣ. ಇ-ಬುಕ್ ತರಿಸ್ತೀವಿ."

ಇಪ್ಪತ್ತೆಂಟಕ್ಕೆ ಲೈಬ್ರರಿ ಕಮಿಟಿ ನೋಡೋಕೆ ಬರುತ್ತೆ. ಹೂಂ ಅಂದ್ರೆ ಅಷ್ಟೂ ರದ್ದಿಗೆ. ಮೈಯೆಲ್ಲ ಉರಿದುಹೋಯ್ತು.

ಜೂನ್ ೪

ಲಿಸ್ಟ್ ಹಿಡಿದು ಕಪಾಟಿನ ಮುಂದೆ ನಿಂತೆ. ಸೇತುವೆ ಕಟ್ಟೋ ಲೆಕ್ಕದ ದಪ್ಪ ಪುಸ್ತಕ — ಐದು ಪ್ರತಿ — ಸೊನ್ನೆಯಂತೆ. ಒಂದರ ಬೆನ್ನು ಮೂರು ಸಲ ನಾನೇ ಹೊಲಿದಿದ್ದೀನಿ. ಯಾರೂ ಮುಟ್ಟದೆ ಹರೀತಾ? ದೆವ್ವ ಬಂದು ಓದ್ತಾ?

ಆಮೇಲೆ ಹೊಳೀತು.

ಮನೆಗೆ ಒಯ್ಯೋ ಪುಸ್ತಕ ಕೌಂಟರಲ್ಲಿ ಸ್ಕ್ಯಾನ್ ಆಗುತ್ತೆ. ಇಲ್ಲೇ ಕೂತು ಓದಿ ಬಿಟ್ಟಿದ್ದನ್ನ, ಕಪಾಟಿಗಿಡೋ ಮೊದಲು ನಾನು ಸ್ಕ್ಯಾನ್ ಮಾಡ್ಬೇಕಿತ್ತು. ಕಂಪ್ಯೂಟರ್ ಬಂದ ದಿನವೇ ಹೇಳಿಕೊಟ್ಟಿದ್ರು. ಅಷ್ಟು ಹೊತ್ತಲ್ಲಿ ಇನ್ನೂ ನಾಲ್ಕು ಪುಸ್ತಕ ಇಡ್ತೀನಿ ಅಂತ ಬಿಟ್ಟೆ. ಒಂದು ದಿನವೂ ಮಾಡ್ಲಿಲ್ಲ. ಆ ಸೊನ್ನೆಗಳೆಲ್ಲ ನನ್ನವೇ.

ನಮ್ಮನೆಯವರಿಗೆ ಹೇಳಿದೆ. ಟೈಲರ್ ಅವರು. ಹೊಲಿಗೆ ಮಷಿನ್ ನಿಲ್ಲಿಸಿ ನಕ್ಕರು.

"ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಂಡೆಯಲ್ಲೇ! ಬಾಯಿ ಬಿಡಬೇಡ. ಜುಲೈನಲ್ಲಿ ಪ್ರಮೋಷನ್ ಇದೆ, ನೆನಪಿರಲಿ."

ಎಂಟು ವರ್ಷ ಕಾದ ಪ್ರಮೋಷನ್...

ಜೂನ್ ೫

ಇವತ್ತಿಂದ ಪ್ರತಿಯೊಂದೂ ಸ್ಕ್ಯಾನ್. ಬೀಪ್, ಬೀಪ್. ಮೂವತ್ತೆಂಟು.

ಜೂನ್ ೧೩

ಸೇತುವೆ ಪುಸ್ತಕ ಎಂಟು ದಿನಕ್ಕೆ ಹನ್ನೊಂದು ಸಲ. ತಗೊಳ್ಳಿ ನಿಮ್ಮ ಸೊನ್ನೆ!

ಸಾಹೇಬ್ರು ಅದರದ್ದೇ ಇ-ಬುಕ್ಕನ್ನೂ ಮಕ್ಕಳಿಗೆ ನೋಡೋಕೆ ಕೊಟ್ಟಿದ್ದಾರೆ. ಪರೀಕ್ಷೆ ಹತ್ತಿರ. ಒಂದು ಸಲಕ್ಕೆ ಮೂರೇ ಜನ ತೆರೀಬಹುದಂತೆ. ನಾಲ್ಕನೆಯವನಿಗೆ — "ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ." ಗಾಳಿಯಲ್ಲಿರೋ ಪುಸ್ತಕಕ್ಕೂ ಕ್ಯೂ! ನಕ್ಕು ನಕ್ಕು ಸಾಕಾಯ್ತು.

ಸುಳ್ಳು ಯಾಕೆ ಬರೀಲಿ. ಎರಡು ಗಂಟೆ ಬಸ್ಸಲ್ಲಿ ಬರೋ ಹುಡುಗಿ ಇದ್ದಾಳೆ. "ಆಂಟಿ, ಸೀಟ್ ಸಿಗ್ಲಿಲ್ಲ. ನಿಂತ್ಕೊಂಡೇ ಫೋನಲ್ಲಿ ಒಂದು ಅಧ್ಯಾಯ ಮುಗಿಸ್ದೆ" ಅಂದಳು. ಒಳ್ಳೇದೇ ಆಯ್ತು. ಇ-ಬುಕ್ಕೂ ಬರಲಿ, ಬೇಡ ಅಂದವರ್ಯಾರು? ಅದಕ್ಕೋಸ್ಕರ ಇದನ್ನ ಯಾಕೆ ಕೀಳ್ಬೇಕು?

ಜೂನ್ ೨೦

ಗ್ರಾಫ್ ಸಾಹೇಬ್ರು ಮೇಲಕ್ಕೇ ಬಂದ್ರು. ಮುಖ ಕೆಂಪಗೆ.

"ಐದು ವರ್ಷ ಸೊನ್ನೆ, ಹದಿನೈದು ದಿನದಲ್ಲಿ ಐನೂರು? ನೀವೇ ಕೂತು ಬೀಪ್ ಬೀಪ್ ಮಾಡ್ತಿದ್ದೀರಿ. ನನ್ನ ಕಿವಿಗೆ ಹೂ ಇಡ್ಬೇಡಿ, ಮೇಡಂ."

"ಇಷ್ಟು ವರ್ಷ ಎಣಿಸಿರ್ಲಿಲ್ಲ ಸರ್. ತಪ್ಪು ನಂದೇ."

"ಹಾಗಂತ ಬರ್ದು ಕೊಡ್ತೀರಾ?"

ಕೊಡಲ್ಲ ಅಂತ ಖಾತ್ರಿ ಅವರಿಗೆ. ನನ್ನ ಪ್ರಮೋಷನ್ ಫೈಲ್ ಅವರ ಮೇಜಿನ ಮೇಲೇ ಇದೆ.

ಜೂನ್ ೨೧

ಬರ್ದು ಕೊಟ್ಟೆ. ಪೂರ್ತಿ ಒಂದು ಪುಟ. ಕಮಿಟಿಯ ಪ್ರತಿಯೊಬ್ಬರಿಗೂ ಒಂದೊಂದು ಪ್ರತಿ. ಎಲ್ಲಕ್ಕೂ ಸಹಿ ಹಾಕಿ ನಾನೇ ಕೊಟ್ಟು ಬಂದೆ.

ಜೂನ್ ೨೭

ಮೆಮೊ ಬಂತು. ಕರ್ತವ್ಯಲೋಪ. ಪ್ರಮೋಷನ್ ಇಲ್ಲ. ದುಃಖ ಆಯ್ತು — ಯಾಕೆ ಆಗಬಾರದು? ಸ್ಟೋರ್ ರೂಮಲ್ಲಿ ಹತ್ತು ನಿಮಿಷ ಅತ್ತೆ. ನಮ್ಮನೆಯವರು ಬೈಲಿಲ್ಲ. "ನಾಳೆ ಆ ನೀಲಿ ಸೀರೆ ಉಟ್ಕೋ. ಬ್ಲೌಸ್ ಸರಿ ಮಾಡಿಟ್ಟಿದ್ದೀನಿ" ಅಂದ್ರು.

ಜೂನ್ ೨೮. ಬೆಳಿಗ್ಗೆ ೯.೩೦

ನೀಲಿ ಸೀರೆ.

ನಾಲ್ಕು ದಿನದಿಂದ ಸ್ಕ್ಯಾನ್ ಮಾಡಿ ಪುಸ್ತಕ ಮೇಜಿನ ಮೇಲೇ ಬಿಟ್ಟಿದ್ದೀನಿ. ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು. ಕೈ ತುರಿಸ್ತಿದೆ. ಇಡಲ್ಲ. ಅವರ ಕಣ್ಣಿಗೆ ಬೀಳಲಿ.

೧೧.೦೦

ಕೌಂಟರಲ್ಲೇ ಕೂತು ಬರೀತಿದ್ದೀನಿ. ಕಮಿಟಿಯವರು ಮೆಟ್ಟಿಲು ಹತ್ತುತ್ತಿದ್ದಾರೆ. ಗ್ರಾಫ್ ಸಾಹೇಬ್ರ ದನಿ ಎಲ್ಲರಿಗಿಂತ ಜೋರು. "ಹೆಚ್ಚಾಗಿ ಖಾಲೀನೇ ಇರುತ್ತೆ ಸರ್, ಈ ಮಹಡಿ..."

ಬಸ್ಸಿನ ಹುಡುಗಿ ಸೇತುವೆ ಪುಸ್ತಕದಿಂದ ತಲೆ ಎತ್ತಿ, "ಆಂಟಿ, ಅವರಿಗೆ ಜಾಗ ಬಿಡ್ಬೇಕಾ?" ಅಂತ ಕೇಳಿದಳು. ಸುತ್ತ ನೋಡಿದೆ. ಇಡೀ ಮಹಡೀಲಿ ಒಂದು ಕುರ್ಚಿಯೂ ಖಾಲಿ ಇಲ್ಲ.

ಏಳಬೇಡ, ಓದ್ಕೋ ಅಂದೆ. ಬಂದವರು ನಿಂತ್ಕೊಂಡೇ ನೋಡ್ಲಿ.