ಗುಬ್ಬಿಯ ಮೂರೂವರೆ ಸೆಂಟಿಮೀಟರ್

ಜೂನ್ 14, ಭಾನುವಾರ

ಪ್ರೀತಿಯ ಅಕ್ಕ,

ನಿನ್ನ ಎರಡು ಕಾಗದಗಳೂ ಬಂದವು. ಎರಡನೆಯದರಲ್ಲಿ ನೀನು ಬೈದದ್ದೂ ಚೆನ್ನಾಗಿಯೇ ತಲುಪಿತು. ಐದು ತಿಂಗಳು ಒಂದು ಸಾಲೂ ಬರೆಯದ ತಮ್ಮನಿಗೆ ಅಷ್ಟಾದರೂ ಆಗಬೇಕು, ತಪ್ಪಾಯಿತು. ಬರೆಯಲು ಕೂತಾಗಲೆಲ್ಲ ಎಲ್ಲಿಂದ ಶುರುಮಾಡಲಿ ಎಂದು ತಿಳಿಯದೆ ಎದ್ದುಬಿಡುತ್ತಿದ್ದೆ. ಇವತ್ತು ಬೇಕರಿಗೆ ರಜ. ತಾಯಿ ಮಗಳು ಇಬ್ಬರೂ ಹೊರಗೆ ಹೋಗಿದ್ದಾರೆ.

ಮೊದಲು ಸುದ್ದಿ. ನಮ್ಮ ಗುಬ್ಬಿ ಈ ಐದು ತಿಂಗಳಲ್ಲಿ ಮೂರೂವರೆ ಸೆಂಟಿಮೀಟರ್ ಬೆಳೆದಿದ್ದಾಳೆ. ಅದೇನು ಮಹಾ ಎನ್ನಬೇಡ. ಅದಕ್ಕೂ ಹಿಂದಿನ ಎರಡು ವರ್ಷದ್ದು ಒಟ್ಟು ಸೇರಿಸಿದರೂ ಅವಳು ಅಷ್ಟು ಬೆಳೆದಿರಲಿಲ್ಲ. ಹನ್ನೊಂದು ತುಂಬಿದವಳನ್ನು ಬಸ್ಸಿನ ಕಂಡಕ್ಟರು "ಎರಡನೇ ಕ್ಲಾಸಾ ಪುಟ್ಟಿ?" ಎಂದು ಕೇಳಿದರೆ, "ಆರನೇ ಕ್ಲಾಸು. ಕೂತ್ಕೊಳ್ಳೋಕೆ ಜಾಗ ಕೊಡಿ, ಮುದ್ದು ಮಾಡೋದು ಬೇಡ" ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು. ನಮ್ಮ ಅಮ್ಮ ಗಿಡ್ಡ, ನಾನಂತೂ ಮೈದಾ ಮೂಟೆಯ ಮೇಲೆ ಹತ್ತದೆ ಮೇಲಿನ ಹಲಗೆ ಮುಟ್ಟಲಾರದವನು. ಹುಟ್ಟುಗುಣ, ಇನ್ನೇನು ಎಂದುಕೊಂಡಿದ್ದೆವು. ನೀನೂ ಹಾಗೇ ಬರೆದಿದ್ದೆ.

ಸುಮ್ಮನಿರದವಳು ನನ್ನ ಹೆಂಡತಿ. ಅದಕ್ಕೆ ಕಾರಣ ನೀನೇ ಅಕ್ಕ. ಪ್ರತಿ ವರ್ಷ ಹುಟ್ಟುಹಬ್ಬಕ್ಕೆ ನೀನು ವಯಸ್ಸಿನ ಅಳತೆ ನೋಡಿ ಫ್ರಾಕು ಹೊಲಿದು ಕಳಿಸುತ್ತೀಯಲ್ಲ, ಅದರ ಅಂಚನ್ನು ಇವಳು ಮಡಚಿ ಗಿಡ್ಡ ಮಾಡಿ ತೊಡಿಸುತ್ತಾಳೆ. ಈ ಸಲ ಮಡಚಲು ಕೂತವಳು ಹಳೆಯ ಮೂರು ಫ್ರಾಕುಗಳನ್ನೂ ತಂದು ಹಾಸಿಗೆಯ ಮೇಲೆ ಸಾಲಾಗಿ ಹಾಸಿದಳು. ನೀನು ಹೊಲಿದಾಗ ವರ್ಷ ವರ್ಷ ಉದ್ದವಾಗಿದ್ದ ಬಟ್ಟೆಗಳು, ಇವಳ ಮಡಿಕೆ ಬಿದ್ದ ಮೇಲೆ ಹೆಚ್ಚುಕಡಿಮೆ ಒಂದೇ ಉದ್ದ. "ನೋಡ್ರೀ, ಇದು ಗಿಡ್ಡ ಅಲ್ಲ. ಇವಳು ನಿಂತುಬಿಟ್ಟಿದ್ದಾಳೆ" ಎಂದಳು. ಮರುದಿನವೇ ನಾಲ್ಕೂ ಫ್ರಾಕನ್ನು ಚೀಲಕ್ಕೆ ತುಂಬಿಕೊಂಡು ಮಕ್ಕಳ ಡಾಕ್ಟರ ಹತ್ತಿರ ಹೊರಟಳು. ಬಟ್ಟೆ ತೋರಿಸಿದರೆ ನಗುತ್ತಾರೆ ಎಂದು ನಾನು ಗೊಣಗಿದೆ.

ಡಾಕ್ಟರಮ್ಮ ನಗಲಿಲ್ಲ. ಟೇಪು ತೆಗೆದು ಒಂದೊಂದೇ ಫ್ರಾಕನ್ನು ಅಳೆದು ಬರೆದುಕೊಂಡರು. ಆಮೇಲೆ ಗುಬ್ಬಿಯ ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ, ಮೂರು ಸಲ ಅಳೆದರು. ನನ್ನನ್ನೂ ಇವಳನ್ನೂ ನಿಲ್ಲಿಸಿ ಅಳೆದರು. ನಾನು ಮೆತ್ತಗೆ ತುದಿಗಾಲಲ್ಲಿ ನಿಂತದ್ದನ್ನು ಗುಬ್ಬಿ ಚಾಡಿ ಹೇಳಿದಳು.

"ಮಗು ಗಿಡ್ಡ ಇದ್ರೆ ನಾನು ಅಷ್ಟು ತಲೆ ಕೆಡಿಸ್ಕೊಳ್ಳಲ್ಲ" ಎಂದರು ಡಾಕ್ಟರಮ್ಮ. "ಅಪ್ಪ ಅಮ್ಮ ಗಿಡ್ಡ ಇರಬಹುದು, ಕೆಲವು ಮಕ್ಕಳು ತಡವಾಗಿ ಬೆಳೀತಾರೆ. ಆದ್ರೆ ಬೆಳೀತಿದ್ದ ಮಗು ನಿಂತುಬಿಟ್ರೆ ಯಾಕೆ ಅಂತ ಹುಡುಕಲೇಬೇಕು. ಥೈರಾಯ್ಡ್ ಇರಬಹುದು, ಬೆಳವಣಿಗೆ ಹಾರ್ಮೋನು ಸಾಲದೆ ಇರಬಹುದು, ಮೂತ್ರಪಿಂಡ ಇರಬಹುದು. ತಿಂದಿದ್ದು ಮೈಗೆ ಹತ್ತದೇನೂ ಇರಬಹುದು." ಆ ಹೆಂಗಸು ಒಂದು ಮಾತನ್ನೂ ಅವಸರದಲ್ಲಿ ಆಡಲಿಲ್ಲ. ಹೊರಗೆ ಇಪ್ಪತ್ತು ಮಕ್ಕಳು ಅಳುತ್ತಿದ್ದವು.

ಎಡಗೈಯ ಎಕ್ಸ್‌ರೇ ತೆಗೆಸಿದರು. ಗುಬ್ಬಿಯ ಮೂಳೆಗಳಿಗೆ ಎಂಟೇ ವರ್ಷವಂತೆ. ಅವರು, "ಇದರಲ್ಲಿ ಒಳ್ಳೇದೂ ಇದೆ. ಮೂಳೆ ಹಿಂದೆ ಇದೆ ಅಂದ್ರೆ ಬೆಳೆಯೋಕೆ ಇನ್ನೂ ಟೈಮ್ ಇದೆ" ಎಂದರು. ಗುಬ್ಬಿ ಆ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ತನ್ನ ಬೆರಳುಗಳನ್ನು ತಾನೇ ಎಣಿಸಿ, "ಎಲ್ಲಾ ಇದಾವೆ" ಎಂದಳು.

ರಕ್ತ ಪರೀಕ್ಷೆಯಲ್ಲಿ ಏನೋ ಅನುಮಾನ ಬಂದು, ಗಂಟಲಿನಿಂದ ಕೊಳವೆ ಇಳಿಸಿ ಸಣ್ಣ ಕರುಳಿನ ಚೂರು ತೆಗೆಯಬೇಕು ಎಂದರು. ಆ ದಿನ ಸ್ಟ್ರೆಚರಿನ ಮೇಲೆ ಮಲಗಿದವಳು ನನ್ನನ್ನೇ ನೋಡಿ, "ಅಪ್ಪ, ನೀನು ಹೊರಗೆ ಕೂತ್ಕೋ. ನಿನ್ನ ಮುಖ ನೋಡಿದ್ರೆ ನಂಗೆ ಭಯ ಆಗುತ್ತೆ" ಎಂದಳು. ನಿನ್ನಾಣೆ ಅಕ್ಕ, ಆ ಧೈರ್ಯ ನಮ್ಮ ಕಡೆಯಿಂದ ಬಂದದ್ದಲ್ಲ.

ಫಲಿತಾಂಶ ಬಂದ ದಿನ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ನೀವು ಏನು ಕೆಲಸ ಮಾಡ್ತೀರಿ?" ಬೇಕರಿ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವಳಿಗೆ ಗೋಧಿ ಆಗುವುದಿಲ್ಲವಂತೆ. ಸೀಲಿಯಾಕ್ ಎಂದು ಅದಕ್ಕೆ ಹೆಸರು. ಗೋಧಿಯ ಚೂರು ಹೋದರೂ ಕರುಳಿನ ಒಳಪದರ ಹಾಳಾಗಿ, ಉಂಡದ್ದು ಮೈಗೆ ಹತ್ತುವುದಿಲ್ಲ. ರಕ್ತ ಕಡಿಮೆ ಎಂದು ಎರಡು ವರ್ಷ ಟಾನಿಕ್ ಕುಡಿಸಿದ್ದು ಯಾಕೆ ನಾಟಲಿಲ್ಲ ಎಂದು ಆಗ ತಿಳಿಯಿತು. ಮಗು ಸೊರಗುತ್ತಿದೆ ಎಂದು ನಾನು ದಿನಾ ಒಲೆಯಿಂದ ಇಳಿದ ಮೊದಲ ಬ್ರೆಡ್ಡನ್ನು ಬೆಣ್ಣೆ ಸವರಿ ತಿನ್ನಿಸುತ್ತಿದ್ದೆನಲ್ಲ, ಅದೇ ಅವಳನ್ನು ನಿಲ್ಲಿಸಿತ್ತು. ನಮಗೆ ಯಾರಿಗೂ ಗೊತ್ತಿರಲಿಲ್ಲ ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು. ನಾನೂ ಹಾಗೇ ಹೇಳಿಕೊಂಡು ತಿರುಗುತ್ತಿದ್ದೇನೆ.

ಬೇಕರಿಯ ಮೇಲಿನ ಮನೆ ಬಿಟ್ಟು ಎರಡು ಬೀದಿ ಆಚೆ ಬಂದಿದ್ದೇವೆ. ಗಾಳಿಯಲ್ಲಿ ಹಿಟ್ಟು ಇಲ್ಲದ ಮನೆಯಲ್ಲಿ ನನಗೆ ಮೊದಮೊದಲು ಸೀನೇ ಬರಲಿಲ್ಲ, ಏನೋ ಕಳೆದುಕೊಂಡಂತಾಗಿತ್ತು. ಸಂಜೆ ಅಂಗಡಿಯಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ ಮನೆಗೆ ಬರುತ್ತೇನೆ. ಗುಬ್ಬಿ ಬಾಗಿಲಲ್ಲೇ ನಿಲ್ಲಿಸಿ ನನ್ನ ಕಿವಿಯ ಹಿಂದೆ ನೋಡುತ್ತಾಳೆ. ಹಿಟ್ಟು ಕಂಡರೆ "ವಾಪಸ್" ಎನ್ನುತ್ತಾಳೆ, ಪೊಲೀಸಿನವರ ಹಾಗೆ. ಅವಳ ಪಾತ್ರೆ, ಸೌಟು, ಡಬ್ಬಿ ಎಲ್ಲ ಬೇರೆ. ಅವುಗಳ ಮೇಲೆ ತಾನೇ ಕೆಂಪು ಬಣ್ಣದ ಚುಕ್ಕೆ ಇಟ್ಟುಕೊಂಡಿದ್ದಾಳೆ. ಗೆಳತಿಯ ಮನೆಯಲ್ಲಿ ಎಲ್ಲರೂ ಕೇಕು ತಿನ್ನುವಾಗ ಗುಬ್ಬಿ ತನ್ನ ಡಬ್ಬಿ ಬಿಚ್ಚಿ ಅನ್ನ ತಿಂದು, ಹಾಡು ಹೇಳಿ ಬಂದಳಂತೆ. ಒಂದು ಚೂರಾದರೂ ಬಾಯಿಗೆ ಹಾಕಿದ್ದಿಲ್ಲ. ಐವತ್ತು ದಾಟಿದ ನಾನು ಡಾಕ್ಟರು ಬಿಡು ಎಂದ ಸಕ್ಕರೆಯನ್ನು ಇನ್ನೂ ಕದ್ದು ತಿನ್ನುತ್ತೇನೆ. ಅವಳ ಮುಂದೆ ನನಗೆ ನಾಚಿಕೆಯಾಗುತ್ತದೆ, ಹೆಮ್ಮೆಯೂ ಆಗುತ್ತದೆ. ಮಕ್ಕಳಿಂದ ಹೀಗೂ ಕಲಿಯುವುದಿರುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಮುಂದಿನ ಫ್ರಾಕನ್ನು ಸ್ವಲ್ಪ ಉದ್ದವಾಗಿಯೇ ಹೊಲಿ. ಈ ಸಲ ಮಡಿಕೆ ಬಿಚ್ಚುವ ಕೆಲಸವಿದೆ ಎಂದು ನನ್ನ ಹೆಂಡತಿ ಹೇಳಿಕಳಿಸಿದ್ದಾಳೆ. ಭಾವನಿಗೆ ನನ್ನ ನಮಸ್ಕಾರ ತಿಳಿಸು, ಅವರ ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡುವುದನ್ನು ನಿಲ್ಲಿಸಬೇಡ. ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ನೂರು ಕಾಲ ಬಾಳಲಿ, ಹೊಟ್ಟೆ ತುಂಬಾ ಉಂಡು ತಣ್ಣಗಿರಲಿ. ನಮ್ಮ ಗುಬ್ಬಿಯ ತಲೆಯ ಮೇಲೆ ನಿನ್ನ ಆಶೀರ್ವಾದ ಇರಲಿ, ಆ ತಲೆ ಈಗ ಸ್ವಲ್ಪ ಮೇಲೆ ಬಂದಿದೆ.

ನಿನ್ನ ತಮ್ಮ

ತಾ.ಕ.: ಯಾರಿಗೂ ಗೊತ್ತಿರಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು ಅಕ್ಕ. ನನ್ನ ಹೆಂಡತಿಗೂ ಇದನ್ನು ಹೇಳಿಲ್ಲ. ಹೋದ ವಾರ ಗುಬ್ಬಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇಷ್ಟು ವರ್ಷ ಹೊಟ್ಟೆ ನೋಯ್ತಿತ್ತು ಅಂತ ಡಾಕ್ಟರಮ್ಮನ ಹತ್ರ ಹೇಳಿದೆಯಲ್ಲ, ನನಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ. "ಹೇಳಿದ್ದೆ ಅಪ್ಪ" ಎಂದಳು. "ಒಂದನೇ ಕ್ಲಾಸಲ್ಲಿದ್ದಾಗ, ಅಂಗಡೀಲಿ. ಬ್ರೆಡ್ ತಿಂದ್ರೆ ಹೊಟ್ಟೆ ನೋಯುತ್ತೆ ಅಂದೆ. ನಮ್ಮ ಬ್ರೆಡ್ಡಿಂದ ಇವತ್ತಿನವರೆಗೂ ಯಾರಿಗೂ ಹೊಟ್ಟೆ ನೋವು ಬಂದಿಲ್ಲ ಅಂದೆ ನೀನು. ಎಲ್ಲರೂ ನಕ್ಕರು. ಹಾಗಾದ್ರೆ ನನ್ನ ಹೊಟ್ಟೆನೇ ಕೆಟ್ಟದ್ದು ಅನ್ಕೊಂಡೆ." ಕೋಪವಿಲ್ಲದೆ, ಪಾಠ ಒಪ್ಪಿಸುವ ಹಾಗೆ ಹೇಳಿದಳು. ನಾನು ಹಾಗೆ ಅಂದದ್ದು ಎಷ್ಟು ಯೋಚಿಸಿದರೂ ನನಗೆ ನೆನಪಾಗುತ್ತಿಲ್ಲ. ಅವಳಿಗೆ ಆ ದಿನ ಅಂಗಡಿಯಲ್ಲಿ ಯಾರು ಯಾರು ನಿಂತಿದ್ದರು ಎನ್ನುವುದೂ ನೆನಪಿದೆ.