ಒಂದು ಸುತ್ತು ಹೆಚ್ಚು

ಮುಲುಂಡ್ ಪಶ್ಚಿಮ
೧೨ ಫೆಬ್ರವರಿ ೧೯೮೯, ಭಾನುವಾರ

ಸೌ॥ ಪಂಕಜಳಿಗೆ,

ವೆಂಕಟಸುಬ್ಬಯ್ಯನ ಆಶೀರ್ವಾದಗಳು. ಅದಕ್ಕೂ ಮೊದಲು ತಪ್ಪೊಪ್ಪಿಗೆ. ಜನವರಿ ಇಪ್ಪತ್ತೆರಡರಂದು ಬೆಳಗಿನ ಐದು ಗಂಟೆಗೆ, ಸ್ವಸ್ಥ ಮನಸ್ಸಿನಿಂದ, ಯಾರ ಬಲವಂತವೂ ಇಲ್ಲದೆ, ಕನ್ನಡಿಯ ಮೊಳೆಗೆ ನೀನು ತೂಗುಹಾಕಿ ಹೋಗಿರುವ ಪಿನ್ನಿನ ಗೊಂಚಲಿನಿಂದ ನಾಲ್ಕು ಪಿನ್ನು ಕದ್ದಿದ್ದೇನೆ. ಮೂರನ್ನು ಸ್ವಸ್ಥಾನಕ್ಕೆ ಸೇರಿಸಿದ್ದೇನೆ, ನಾಲ್ಕನೆಯದು ಬಗ್ಗಿಹೋಯಿತು. ಲಾ ಕಾಲೇಜಿನ ಎರಡು ವರ್ಷ ಪಾಸಾದವನಾದ್ದರಿಂದ ಇದು ಕಳ್ಳತನವೆಂದು ಗೊತ್ತು. ಮೂರನೆಯ ವರ್ಷ ಓದದೆ ಬಿಟ್ಟದ್ದರಿಂದ ಶಿಕ್ಷೆ ಎಷ್ಟೆಂದು ಗೊತ್ತಿಲ್ಲ.

ಎಂಟು ತಿಂಗಳು ಕಾಗದ ಬರೆಯದಿದ್ದಕ್ಕೆ ಕ್ಷಮಿಸು. ಆದರೆ ಅದು ನಿನ್ನದೇ ಅಪ್ಪಣೆ. ಕಲ್ಯಾಣ್ ಸ್ಟೇಷನ್ನಿನಲ್ಲಿ ಗಾಡಿ ಅಲುಗಿದಾಗ ಕಿಟಕಿಯ ಸರಳಿನ ಹಿಂದಿನಿಂದ ನೀನು ಹೇಳಿದ್ದು ಹಾಗೇ ನೆನಪಿದೆ. "ಹದಿಮೂರು ವರ್ಷದಲ್ಲಿ ನೀವು ಒಂದು ಕೆಲಸಾನೂ ಕೊನೆ ಮುಟ್ಟಿಸಿದ್ದು ನಾನು ಕಾಣೆ. ಒಂದೇ ಒಂದು ಮುಗಿಸಿ. ಆಮೇಲೆ ಕಾಗದ ಬರೀರಿ. ವಾಪಸ್ಸು ಬರೋದೋ ಬೇಡ್ವೋ ಆವಾಗ ನೋಡ್ತೀನಿ." ಪಕ್ಕದಲ್ಲಿ ರಮಾಮಣಿ ಕಡಲೆಕಾಯಿ ಸುಲಿಯುತ್ತಿದ್ದಳು, ಅಪ್ಪನ ಕಡೆ ತಲೆ ಎತ್ತಲಿಲ್ಲ. ನಿನ್ನ ಮಾತು ಸುಳ್ಳಲ್ಲ. ಅಡಿಗೆಮನೆಯ ಗೋಡೆ ಇವತ್ತಿಗೂ ಅರ್ಧ ಹಸಿರು, ಅರ್ಧ ಸುಣ್ಣ. ಬಂದವರಿಗೆ ಅದು ಮಾಡರ್ನ್ ಆರ್ಟ್ ಎಂದು ಹೇಳುತ್ತೇನೆ. ಈಚೆಗೆ ಯಾರೂ ಬರುವುದಿಲ್ಲ.

ಈಗ ಬರೆಯುತ್ತಿದ್ದೇನೆಂದರೆ ನೀನೇ ಊಹಿಸಿರಬೇಕು. ಮುಗಿಸಿದೆ, ಪಂಕಜಾ.

ಅದಕ್ಕೆ ಟ್ರಯಥ್ಲಾನ್ ಎಂದು ಹೆಸರು. ಮೊದಲು ಈಜಬೇಕು, ಮೈ ಒರೆಸಿಕೊಳ್ಳುವಷ್ಟೂ ಪುರುಸೊತ್ತಿಲ್ಲದೆ ಸೈಕಲ್ ಹತ್ತಬೇಕು, ಸೈಕಲ್ ಇಳಿದು ಓಡಬೇಕು. ಹೆಸರಿನಲ್ಲೇ 'ಟ್ರೈ' ಇದೆಯಲ್ಲ, ಅಷ್ಟು ಮಾಡಿದರೆ ಸಾಕು ಎಂದು ನಂಬಿ ಹೆಸರು ಕೊಟ್ಟೆ. ಏರ್ಪಾಡು ಮಾಡಿದ್ದು ಪವಾಯಿ ಕೆರೆಯ ಹತ್ತಿರದ ಒಂದು ಕ್ಲಬ್ಬಿನವರು. ಮೂರು ಮೂರು ಜನರ ತಂಡ. ಪ್ರತಿಯೊಬ್ಬನೂ ಮೂರನ್ನೂ ಮಾಡಬೇಕು, ಮೂವರೂ ಕೊನೆಯ ಗೆರೆ ದಾಟಿದರೇ ತಂಡ ಲೆಕ್ಕಕ್ಕೆ. ಅಂಗಿಯ ಎದೆಗೆ ನಂಬರಿನ ಬಟ್ಟೆ ಸಿಕ್ಕಿಸಿಕೊಳ್ಳಬೇಕು, ಕದ್ದ ನಾಲ್ಕು ಪಿನ್ನು ಅದಕ್ಕೆ.

ನಮ್ಮ ತಂಡದಲ್ಲಿ ಕಾಂತಪ್ಪ ಒಬ್ಬರು. ಸಾಂಬಾರಿಗೆ ಬೆಲ್ಲ ಜಾಸ್ತಿ ಎಂದು ನೀನು ಜಗಳವಾಡಿದೆಯಲ್ಲ, ಸ್ಟೇಷನ್ ಎದುರಿನ ಆ ಹೋಟೆಲಿನ ಯಜಮಾನರು. ಈ ವಯಸ್ಸಿನಲ್ಲಿ ನಿಮಗೇಕೆ ಇದು ಎಂದು ಕೇಳಿದ್ದಕ್ಕೆ, "ಮೂವತ್ತು ವರ್ಷ ಹೋಟೆಲಲ್ಲಿ ನಿಂತೇ ಇದ್ದೇನೆ ಮಾರಾಯ್ರೆ. ಒಮ್ಮೆ ಓಡಿ ನೋಡುವ ಅಂತ" ಎಂದರು. ಇನ್ನೊಬ್ಬರು ಹಿರಿಯಣ್ಣ, ನೀನು ಹೋದಮೇಲೆ ನಮ್ಮ ಆಫೀಸಿಗೆ ಬಂದ ಬೆಂಗಳೂರಿನವರು. ಅವರಿಗೆ ಸಕ್ಕರೆ ಕಾಯಿಲೆ. ಡಾಕ್ಟರು ನಡೆಯಿರಿ ಎಂದರೆ ಇವರು ಓಡಲು ಹೊರಟಿದ್ದರು. ಐದು ತಿಂಗಳು ದಿನಾ ಬೆಳಗ್ಗೆ ಮೂವರೂ ಅಭ್ಯಾಸ ಮಾಡಿದೆವು. ಒಂದು ದಿನವೂ ತಪ್ಪಿಸಲಿಲ್ಲ, ನಾನೂ.

ಈಜು ಚೆನ್ನಾಗಿಯೇ ಆಯಿತು. ಮುಲುಂಡಿನವನು ಮುಳುಗಲಿಲ್ಲ. ಸಂಸಾರಸಾಗರದಲ್ಲಿ ಹದಿಮೂರು ವರ್ಷ ಈಜಿದವನಿಗೆ ಕ್ಲಬ್ಬಿನ ಕೊಳ ಯಾವ ಲೆಕ್ಕ ಎಂದು ಹಿರಿಯಣ್ಣನವರಿಗೆ ಹೇಳಿದೆ. ಹೇಳಿದ ಮೇಲೆ ನೆನಪಾಯಿತು, ಅಲ್ಲಿ ಈಜಿದವಳು ನೀನು, ನಾನು ನಿನ್ನ ಹೆಗಲು ಹಿಡಿದುಕೊಂಡಿದ್ದೆ.

ಸೈಕಲ್ಲಿನದೇ ಕಥೆ. ನಾಲ್ಕು ಕಿಲೋಮೀಟರಿನ ಸುತ್ತು, ಅಂಥ ಐದು. ಸುತ್ತು ಎಣಿಸಲು ಪ್ರತಿ ತಂಡವೂ ತನ್ನ ಕಡೆಯ ಒಬ್ಬನನ್ನು ತರಬೇಕಾಗಿತ್ತು. ಕಾಂತಪ್ಪನವರು ದೂಜನನ್ನು ಕರೆತಂದರು. ದೂಜ ಬೈಕುಲ್ಲಾ ಮಾರ್ಕೆಟ್ಟಿನ ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ಎಣಿಸುವವನು, ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. "ಲೆಕ್ಕದಲ್ಲಿ ಇವನನ್ನು ಮೀರಿಸುವವ ಬೊಂಬಾಯಿಯಲ್ಲಿ ಇಲ್ಲ" ಎಂದು ಕಾಂತಪ್ಪನವರ ಶಿಫಾರಸು. ದೂಜ ರಸ್ತೆಯ ತಿರುವಿನಲ್ಲಿ ಕುಕ್ಕುರುಗಾಲಲ್ಲಿ ಕೂತು, ನಮ್ಮಲ್ಲಿ ಒಬ್ಬೊಬ್ಬರು ಹಾದುಹೋದಾಗಲೂ ಅವರವರ ಗುಡ್ಡೆಗೆ ಒಂದೊಂದು ಕಲ್ಲು ಹಾಕಿದ. ನಾಲ್ಕು ಕಲ್ಲಾದ ಮೇಲೆ "ಇನ್ನೊಂದು ಉಂಟು" ಎಂದ. ಹೋದೆವು.

ಓಟ ಮುಗಿದ ಮೇಲೆ ಕ್ಲಬ್ಬಿನವರು ತಮ್ಮ ಚೀಟಿ ನೋಡಿ, "ನೀವು ಮೂರೂ ಜನ ಆರು ಸುತ್ತು ಯಾಕೆ ಹೊಡೆದಿರಿ" ಎಂದು ಕೇಳಿದರು. ದೂಜನ ಮುಖ ಸುಣ್ಣವಾಯಿತು. ಅವನ ಮಂಡಿಯಲ್ಲಿ ರಾಶಿಯ ಮೊದಲ ಕಾಯಿಯನ್ನು 'ಲಾಭ' ಎಂದು ದೇವರ ಪಾಲಿಗೆ ಪಕ್ಕಕ್ಕಿಟ್ಟು, ಎರಡನೆಯದರಿಂದ ಒಂದು ಎಂದು ಎಣಿಸುವುದು ಪದ್ಧತಿ. ಹಾಗೆಯೇ ನಮ್ಮ ಮೊದಲ ಸುತ್ತಿನ ಕಲ್ಲುಗಳೂ ದೇವರಿಗೆ ಹೋಗಿದ್ದವು. "ಕೈ ಅಭ್ಯಾಸ ಸ್ವಾಮೀ, ತಲೆಗೆ ಹೊಳೆಯಲೇ ಇಲ್ಲ" ಎಂದ.

ಮಾರನೆಯ ಭಾನುವಾರ ಎರಡು ತೆಂಗಿನಕಾಯಿ ಹಿಡಿದುಕೊಂಡು ಮನೆಗೆ ಬಂದ. ಬಾಗಿಲಲ್ಲೇ ನಿಂತು, "ನನ್ನಿಂದ ನಿಮಗೆ ಹೀಗಾಯ್ತು" ಎಂದು ಕಣ್ಣೊರೆಸಿಕೊಂಡ. ನಾನು ಅವನ ಭುಜ ತಟ್ಟಿ, ಹೋಗಲಿ ಬಿಡಪ್ಪ ಎಂದು ದೊಡ್ಡ ಮನಸ್ಸಿನಿಂದ ಕ್ಷಮಿಸಿದೆ. ನೀನು ನೋಡಬೇಕಾಗಿತ್ತು.

ಹೀಗೆ, ಯಾವುದನ್ನೂ ಪೂರ್ತಿ ಮಾಡದವನೆಂದು ನೀನು ಬಿಟ್ಟುಹೋದ ಗಂಡ ಕೇಳಿದ್ದಕ್ಕಿಂತ ಒಂದು ಸುತ್ತು ಹೆಚ್ಚೇ ಹೊಡೆದಿದ್ದಾನೆ. ಸರ್ಟಿಫಿಕೇಟು ಲಗತ್ತಿಸಿದ್ದೇನೆ. ರಮಾಮಣಿಗೂ ತೋರಿಸು. ಮಾರ್ಚಿ ಕೊನೆಗೆ ಅವಳ ಪರೀಕ್ಷೆ ಮುಗಿಯುತ್ತದಲ್ಲ, ಟಿಕೆಟ್ ಮಾಡಿಸಲೇ ಎಂದು ಒಂದು ಸಾಲು ಬರೆ. ಕಲ್ಯಾಣ್ ಸ್ಟೇಷನ್ನಿಗೆ ನಾನೇ ಬರುತ್ತೇನೆ.

ಅತ್ತೆಯವರಿಗೆ ನಮಸ್ಕಾರ. ರಮಾಮಣಿಗೆ ವಿದ್ಯೆ ಹತ್ತಲಿ, ನಿನಗೆ ಮಂಡಿನೋವು ಕಡಿಮೆಯಾಗಲಿ, ಇಬ್ಬರೂ ನೂರ್ಕಾಲ ಚೆನ್ನಾಗಿರಿ.

ಇತಿ ನಿನ್ನ
ವೆಂಕಟಸುಬ್ಬಯ್ಯ

ಮರೆತ ಮಾತು: ಲಕೋಟೆ ಅಂಟಿಸಲು ಗೋಂದು ಹಚ್ಚಿದವನು ಮತ್ತೆ ಬಿಚ್ಚಿದೆ. ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ಓದಿದರೆ ನಿನಗೇ ತಿಳಿಯುತ್ತದೆ, ಅದರಲ್ಲಿ 'ಭಾಗವಹಿಸಿದ್ದಾರೆ' ಎಂದಷ್ಟೇ ಇದೆ. ಹೆಸರು ಕೊಟ್ಟವರಿಗೆಲ್ಲ ಕೊಟ್ಟದ್ದು ಅದು.

ನಾನು ಗೆರೆ ದಾಟಲಿಲ್ಲ, ಪಂಕಜಾ. ಐದು ಕಿಲೋಮೀಟರ್ ಓಟದಲ್ಲಿ ಇನ್ನೂರು ಹೆಜ್ಜೆ ಉಳಿದಿತ್ತು, ಗೆರೆ ಕಾಣುತ್ತಿತ್ತು. ಅಲ್ಲೊಂದು ಚಹಾದ ಗಾಡಿ ಇತ್ತು. ಅದರ ಬೆಂಚಿನ ಮೇಲೆ ಕೂತುಬಿಟ್ಟೆ. ನನ್ನಷ್ಟೇ ಸುತ್ತು ಹೊಡೆದ ಹಿರಿಯಣ್ಣನವರೂ ಕಾಂತಪ್ಪನವರೂ ಗೆರೆ ದಾಟಿ, ನಾನು ಕಾಣದೆ ವಾಪಸ್ಸು ಬಂದರು. ಹಿರಿಯಣ್ಣನವರು, "ಓಟಿಗೆ ನಿಂತವರನ್ನು ನೋಡಿದ್ದೀನಿ ಸ್ವಾಮಿ, ಓಟದಲ್ಲಿ ನಿಂತವರನ್ನು ಇವತ್ತೇ ನೋಡಿದ್ದು" ಎಂದು ನಗಿಸಲು ನೋಡಿದರು. ಕಾಂತಪ್ಪನವರು ನನ್ನ ತೋಳು ಹಿಡಿದು, "ಏಳಿ ಮಾರಾಯ್ರೆ, ನಡೆದರೂ ಸಾಕು, ಗಡುವಿಗೆ ಇನ್ನೂ ಹತ್ತು ನಿಮಿಷ ಉಂಟು" ಎಂದರು. ಆ ಹತ್ತು ನಿಮಿಷವೂ ಹಿಡಿದುಕೊಂಡೇ ಇದ್ದರು. ಆಗುವುದಿಲ್ಲ ಎಂದೆ. ತಂಡವನ್ನು ಪಟ್ಟಿಯಿಂದ ಹೊಡೆದುಹಾಕಿದರು. ಆರನೆಯ ಸುತ್ತು ನನ್ನ ಕಾಲು ತೆಗೆಯಿತು ಎಂದು ಎಲ್ಲರೂ ತಿಳಿದರು, ದೂಜನೂ. ನಾನು ಹಾಗಲ್ಲ ಎನ್ನಲಿಲ್ಲ. ಅವನ ಕಾಯಿ ಇಟ್ಟುಕೊಂಡೆ, ಒಂದರಲ್ಲಿ ಚಟ್ನಿಯನ್ನೂ ಮಾಡಿದೆ.

ಕೂತದ್ದು ಯಾಕೆಂದರೆ, ಗೆರೆ ಕಂಡ ಕ್ಷಣ ನನಗೆ ನಿನ್ನ ಉತ್ತರವೂ ಕಂಡಿತು. ನಾನು ಮುಗಿಸಿದರೂ ನೀನು ಬರುವುದಿಲ್ಲ. ಮುಗಿಸದಿದ್ದರೆ, ಮುಗಿಸದ್ದಕ್ಕೇ ನೀನು ಬರಲಿಲ್ಲ ಎಂದುಕೊಂಡು ಇರಬಹುದಲ್ಲ.

ಅವರಿಬ್ಬರೂ ಹೋದಮೇಲೆ ಬಸ್ಸು ಬಂತು, ಹತ್ತಲಿಲ್ಲ. ಪವಾಯಿಯಿಂದ ಮುಲುಂಡಿಗೆ ಏಳೆಂಟು ಕಿಲೋಮೀಟರ್, ನಡೆದೇ ಬಂದೆ. ಎಲ್ಲೂ ಕೂರಲಿಲ್ಲ. ಕಾಲು ಒಂದಿಷ್ಟೂ ನೋಯಲಿಲ್ಲ.